ತಲೆಗೆ ಬಿದ್ದ ಏಟಿಗೂ ಆರನ್ ಹೆರ್ನಾಂಡೆಜ್ ಮಾಡಿದ ಕೊಲೆಗೂ ಸಂಬಂಧ ಇದೆಯಾ? ಮಗನನ್ನು ಫುಟ್ಬಾಲ್‌ಗೆ ಸೇರಿಸಲಾ ಬೇಡವಾ?

ಪ್ಲೇನೋ ಅಪ್ಪ:
ಎಲ್ಲರಿಗೂ ನಮಸ್ಕಾರ. ಇದು ಅಮೆರಿಕದ ಫುಟ್ಬಾಲ್ ವಿಷಯ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಮೆಸ್ಸಿ ಆಡುವುದಲ್ಲ, ಮೊದಲೇ ಹೇಳಿಬಿಟ್ಟೆ.

ಮಗ ಈ ಸಲ ಏಳನೇ ಕ್ಲಾಸು. ನಮ್ಮ ಟೆಕ್ಸಾಸಿನಲ್ಲಿ ಸ್ಕೂಲ್ ಟೀಮಿಗೆ ಸೇರುವುದು ಏಳರಿಂದಲೇ. ಫಾರ್ಮ್ ತಂದು ಫ್ರಿಜ್ ಮೇಲೆ ಅಂಟಿಸಿದ್ದಾನೆ, ನಮ್ಮ ಸಹಿ ಒಂದು ಬಾಕಿ. ಹೆಂಡತಿ ಸುತರಾಂ ಒಪ್ಪುತ್ತಿಲ್ಲ. ಆರನ್ ಹೆರ್ನಾಂಡೆಜ್ ಕೇಸಿನ ಬಗ್ಗೆ ಓದಿದ ಮೇಲಂತೂ, ಈ ಆಟ ಆಡಿದವರೆಲ್ಲ ಕೊನೆಗೆ ಕೊಲೆಗಾರರಾಗುತ್ತಾರೆ ಅನ್ನುವಷ್ಟು ಹೆದರಿಕೊಂಡಿದ್ದಾಳೆ. ನನಗೆ ಅದು ಅತಿ ಅನಿಸುತ್ತದೆ. ಪೂರ್ತಿ ತಳ್ಳಿಹಾಕಲೂ ಧೈರ್ಯ ಬರುತ್ತಿಲ್ಲ.

ಕೇಸು ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಹೆರ್ನಾಂಡೆಜ್ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಆಟಗಾರ. 2012ರಲ್ಲಿ ಸುಮಾರು 4 ಕೋಟಿ ಡಾಲರ್‌ಗೆ ಹೊಸ ಕರಾರು ಆಯಿತು. ಮರುವರ್ಷ ಜೂನ್‌ನಲ್ಲಿ ತನ್ನ ಪರಿಚಯದವನೊಬ್ಬನ ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದ. 2015ರಲ್ಲಿ ಜೀವಾವಧಿ ಶಿಕ್ಷೆ, ಪೆರೋಲೂ ಇಲ್ಲ. 2017ರ ಏಪ್ರಿಲ್‌ನಲ್ಲಿ ಜೈಲಿನಲ್ಲೇ ಆತ್ಮಹತ್ಯೆ ಮಾಡಿಕೊಂಡ. ಆಗ ವಯಸ್ಸು ಬರೀ 27. ಬಾಸ್ಟನ್ ಯೂನಿವರ್ಸಿಟಿಯವರು ಅವನ ಮೆದುಳು ಪರೀಕ್ಷೆ ಮಾಡಿದರೆ ತಲೆಗೆ ಮತ್ತೆ ಮತ್ತೆ ಏಟು ಬಿದ್ದು ಬರುವ ಸಿಟಿಇ ಅನ್ನುವ ಮೆದುಳಿನ ಕಾಯಿಲೆ ನಾಲ್ಕು ಹಂತದಲ್ಲಿ ಮೂರನೆಯದಕ್ಕೆ ಬಂದಿತ್ತು. ಆ ವಯಸ್ಸಿನವರಲ್ಲಿ ಅಷ್ಟು ಮುಂದುವರಿದದ್ದನ್ನು ಅವರು ಅದುವರೆಗೆ ಕಂಡೇ ಇರಲಿಲ್ಲವಂತೆ.

ಈಗ ಪ್ರಶ್ನೆ. ತಲೆಗೆ ಏಟು ಬಿದ್ದು ಬಿದ್ದು ಮನುಷ್ಯನ ಗುಣವೇ ಬದಲಾಗುತ್ತಾ? ಕೊಲೆ ಮಾಡುವಷ್ಟು ಬದಲಾಗುತ್ತಾ? ಗೊತ್ತಿರುವವರು ಹೇಳಿ.

ಗಾಂಧಿ ಬಜಾರ್ ಗಿರಾಕಿ:
ಗುರು, ಇದೆಲ್ಲ ವಕೀಲರು ಕಟ್ಟಿದ ಕಥೆ. ಹೆರ್ನಾಂಡೆಜ್ ಹದಿನೇಳನೇ ವಯಸ್ಸಿಗೇ ಫ್ಲೋರಿಡಾದಲ್ಲಿ ಬಾರ್ ನೌಕರನೊಬ್ಬನ ಕಿವಿ ಮೇಲೆ ಬಾರಿಸಿ ತಮಟೆ ಒಡೆದಿದ್ದ. ಆಗಿನ್ನೂ ಎನ್‌ಎಫ್‌ಎಲ್ (ಅಲ್ಲಿಯ ಪ್ರೊಫೆಷನಲ್ ಫುಟ್ಬಾಲ್ ಲೀಗ್) ಮೆಟ್ಟಿಲೂ ಹತ್ತಿರಲಿಲ್ಲ. ಕೊಲೆ ಆದಮೇಲೆ ಏನು ಮಾಡಿದ ನೋಡಿ: ಮನೆಯ ಕ್ಯಾಮೆರಾ ಸಿಸ್ಟಮ್ ಒಡೆದ, ಫೋನ್ ಚೂರುಚೂರು ಮಾಡಿ ಪೊಲೀಸರಿಗೆ ಕೊಟ್ಟ. ಬುದ್ಧಿ ಕೆಟ್ಟವನು ಸಾಕ್ಷಿ ಅಳಿಸುತ್ತಾನಾ? ಅಲ್ಲಿ ಬುದ್ಧಿ ಚೆನ್ನಾಗಿಯೇ ಓಡಿದೆ.

ಇನ್ನೊಂದು ಮಾತು. ಲಕ್ಷಗಟ್ಟಲೆ ಹುಡುಗರು ಈ ಆಟ ಆಡಿದ್ದಾರೆ. ಎಷ್ಟು ಜನ ಕೊಲೆ ಮಾಡಿದರು? ಒಬ್ಬ ರೌಡಿಯ ಕಥೆ ಇಟ್ಟುಕೊಂಡು ಆಟಕ್ಕೇ ಮಸಿ ಬಳಿಯಬೇಡಿ.

ಸುಮ್ನೆ ಬಂದೆ:
ಪಾಪ್‌ಕಾರ್ನ್ ತಂದು ಕೂತಿದ್ದೇನೆ, ಶುರು ಮಾಡಿ.

ಕರಾವಳಿ ಡಾಕ್ಟ್ರು:
ಗಿರಾಕಿಯವರ ಪ್ರಶ್ನೆ ಸರಿಯಾದದ್ದೇ, ಉತ್ತರ ಅಷ್ಟು ಸುಲಭ ಇಲ್ಲ ಮಾರಾಯ್ರೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಸಿಟಿಇ ಅಂದರೆ ಕ್ರಾನಿಕ್ ಟ್ರಾಮಾಟಿಕ್ ಎನ್‌ಸೆಫಲೋಪತಿ. ವಿಷಯ ಹೊಸದಲ್ಲ. 1928ರಲ್ಲೇ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಅನ್ನುವ ಅಮೆರಿಕದ ಡಾಕ್ಟರು ಬಾಕ್ಸರ್‌ಗಳ ಬಗ್ಗೆ ಬರೆದಿದ್ದರು. ಏಟು ತಿಂದು ತಿಂದು ಕುಡಿದವರ ಹಾಗೆ ತೂರಾಡುವುದು, ಮಾತು ತೊದಲುವುದು, ಬುದ್ಧಿ ಮಂದ ಆಗುವುದು. ಬಾಕ್ಸಿಂಗ್‌ನವರ ಕಾಯಿಲೆ ಅಂತ ಎಲ್ಲರೂ ಅಲ್ಲಿಗೇ ಬಿಟ್ಟರು.

ಫುಟ್ಬಾಲಿಗೆ ಅದನ್ನು ಜೋಡಿಸಿದವರು ಬೆನೆಟ್ ಒಮಾಲು. ನೈಜೀರಿಯಾದಲ್ಲಿ ಹುಟ್ಟಿದವರು, ಪಿಟ್ಸ್‌ಬರ್ಗ್‌ನಲ್ಲಿ ಶವಪರೀಕ್ಷೆ ಮಾಡುವ ಡಾಕ್ಟರು, ಫುಟ್ಬಾಲ್ ಬಗ್ಗೆ ದೊಡ್ಡ ಆಸಕ್ತಿಯೂ ಇರಲಿಲ್ಲ. 2002ರಲ್ಲಿ ಮೈಕ್ ವೆಬ್‌ಸ್ಟರ್ ತೀರಿಕೊಂಡಾಗ ದೇಹ ಬಂದದ್ದು ಅವರ ಟೇಬಲ್ಲಿಗೆ. ವೆಬ್‌ಸ್ಟರ್ ಸ್ಟೀಲರ್ಸ್ ಟೀಮಿನ ಸೆಂಟರ್, ನಾಲ್ಕು ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ಗೆದ್ದವನು, 17 ಸೀಸನ್ ಆಡಿದವನು. ಕೊನೆಕೊನೆಗೆ ತನ್ನ ಗಾಡಿಯಲ್ಲೇ ಮಲಗುತ್ತಿದ್ದ, ನೆನಪು ಹೋಗಿತ್ತು, ಸಂಸಾರ ಮುರಿದಿತ್ತು. ಸತ್ತಾಗ 50. ಹೊರಗಿನಿಂದ ಮೆದುಳು ಮಾಮೂಲಿಯಾಗಿಯೇ ಕಂಡಿತು. ಒಮಾಲು ಅಲ್ಲಿಗೆ ಬಿಡದೆ ತೆಳು ಪದರ ಮಾಡಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಟೌ ಅನ್ನುವ ಪ್ರೋಟೀನ್ ಅಲ್ಲಲ್ಲಿ ಗಂಟು ಕಟ್ಟಿಕೊಂಡಿತ್ತು. ಆ ಲೇಖನ 2005ರಲ್ಲಿ ಬಂತು. ಎನ್‌ಎಫ್‌ಎಲ್ ಕಮಿಟಿಯ ಡಾಕ್ಟರುಗಳು ಅದನ್ನು ವಾಪಸ್ ತೆಗೆಸಬೇಕು ಅಂತ ಪತ್ರಿಕೆಗೆ ಬರೆದರು. ಆ ಕಮಿಟಿಗೆ ಬಹಳ ವರ್ಷ ಮುಖ್ಯಸ್ಥರಾಗಿದ್ದವರು ಕೀಲುವಾತದ ಡಾಕ್ಟರು. ಮೆದುಳಿನವರಲ್ಲ!

ಟೌ ಇರಬೇಕಾದ್ದೇ. ನರಕೋಶದ ಒಳಗಿನ ಸಣ್ಣ ಕೊಳವೆಗಳನ್ನು ಅದು ಹಿಡಿದಿಟ್ಟಿರುತ್ತದೆ. ತಲೆ ಮತ್ತೆ ಮತ್ತೆ ಜೋರಾಗಿ ಅಲುಗಿದರೆ ಕಳಚಿಕೊಂಡು, ಮಡಚಿಕೊಂಡು, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸಿಟಿಇಯಲ್ಲಿ ಇದು ಶುರುವಾಗುವ ಜಾಗವೇ ಬೇರೆ. ಮೆದುಳಿನ ಮಡಿಕೆಗಳ ತಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ. ಅಲ್ಜೈಮರ್ಸ್‌ನಲ್ಲಿ ಹೀಗೆ ಇರುವುದಿಲ್ಲ. ಮೊದಲು ಕಾಣಿಸುವುದು ಹೆಚ್ಚಾಗಿ ಮುಂಭಾಗದಲ್ಲಿ, ಹಣೆಯ ಹಿಂದೆ. ಬಂದ ಸಿಟ್ಟನ್ನು ತಡೆಯುವುದು, ಮುಂದೇನಾಗುತ್ತದೆ ಅಂತ ಲೆಕ್ಕ ಹಾಕುವುದು, ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವುದು ಎಲ್ಲ ಆ ಭಾಗದ ಕೆಲಸ.

ಹಾಗಾಗಿ ಗುಣ ಬದಲಾಗುತ್ತಾ ಅಂದರೆ, ಹೌದು, ಬದಲಾಗಬಹುದು. ಮೂಗಿನ ತುದಿಯಲ್ಲಿ ಕೋಪ, ಅನುಮಾನ, ಖಿನ್ನತೆ, ಹಿಂದೆಮುಂದೆ ನೋಡದೆ ಕೈ ಮಾಡುವುದು. ಆದರೆ ಇಂಥ ದಿನ ಇಂಥವನು ಮಾಡಿದ ಇಂಥ ಕೊಲೆಗೆ ಇದೇ ಕಾರಣ ಅಂತ ಮೈಕ್ರೋಸ್ಕೋಪ್ ಹೇಳುವುದಿಲ್ಲ. ಹೆರ್ನಾಂಡೆಜ್ ಮೆದುಳು ನೋಡಿದ ಡಾ. ಆ್ಯನ್ ಮೆಕೀ ಕೂಡ ಆ ಗೆರೆ ದಾಟಲಿಲ್ಲ.

ಹುಬ್ಬಳ್ಳಿ ಹುಡುಗ:
ಡಾಕ್ಟ್ರೇ, 111 ಎನ್‌ಎಫ್‌ಎಲ್ ಆಟಗಾರರ ಮೆದುಳು ನೋಡಿದ್ರ 110ರಾಗ ಈ ಕಾಯಿಲೆ ಇತ್ತಂತ ಓದೀನ್ರಿ. ಅಂದ್ರ ನೂರಕ್ಕ ತೊಂಬತ್ತೊಂಬತ್ತು! ಇಷ್ಟಾದ ಮ್ಯಾಲೆ ಚರ್ಚೆ ಏನು ಉಳೀತು? ಫಾರ್ಮ್ ಹರಿದು ಒಗೀರಿ.

ಕರಾವಳಿ ಡಾಕ್ಟ್ರು:
ಹುಬ್ಬಳ್ಳಿಯವರೇ, ಆ ಅಂಕಿ 2017ರದ್ದು, ನಿಜವೇ. ಆದರೆ ಆ ಮೆದುಳುಗಳು ಬಂದದ್ದು ಎಲ್ಲಿಂದ ನೋಡಿ. ಮನೆಯಲ್ಲಿ ಗಂಡನೋ ಅಪ್ಪನೋ ಬದಲಾದದ್ದನ್ನು ಕಣ್ಣಾರೆ ಕಂಡವರು, ಏನಾಗಿತ್ತು ತಿಳಿಯಲಿ ಅಂತ ದಾನ ಕೊಟ್ಟದ್ದು. ಚೆನ್ನಾಗಿಯೇ ಬದುಕಿ ಎಂಬತ್ತಕ್ಕೆ ಹೋದವರ ಮನೆಯವರು ಯಾಕೆ ಕೊಡುತ್ತಾರೆ? ಹಾಗಾಗಿ ಆಡಿದವರಲ್ಲಿ ನೂರಕ್ಕೆ 99 ಜನಕ್ಕೆ ಇದೆ ಅಂತ ಅರ್ಥ ಅಲ್ಲ. ಬಾಸ್ಟನ್‌ನವರೇ ಇದನ್ನು ಪ್ರತಿ ಸಲ ಹೇಳುತ್ತಾರೆ, ಪೇಪರಿನವರು ಮಾತ್ರ ಬಿಟ್ಟುಬಿಡುತ್ತಾರೆ.

ಹಾಗಂತ ನಿರಾಳ ಆಗುವಂತೆಯೂ ಇಲ್ಲ. 2023ರ ಹೊತ್ತಿಗೆ ಅವರು 376 ಮಾಜಿ ಎನ್‌ಎಫ್‌ಎಲ್ ಆಟಗಾರರನ್ನು ನೋಡಿ ಆಗಿತ್ತು, 345ರಲ್ಲಿ ಸಿಕ್ಕಿತು. ಸಾಮಾನ್ಯ ಜನರ 164 ಮೆದುಳು ಬೇರೆಯಾಗಿ ನೋಡಿದಾಗ ಸಿಕ್ಕಿದ್ದು ಒಂದೇ ಒಂದು, ಅವನೂ ಕಾಲೇಜಿನಲ್ಲಿ ಫುಟ್ಬಾಲ್ ಆಡಿದ್ದವನು. ದಾನಿಗಳು ಒಂದೇ ಥರದವರು ಅಂತ ಎಷ್ಟೇ ಕಳೆದರೂ ಈ ಅಂತರ ಪೂರ್ತಿ ಹೋಗುವುದಿಲ್ಲ.

ಪ್ಲೇನೋ ಅಪ್ಪ:
ಕನ್‌ಕಷನ್ (ಏಟು ಬಿದ್ದು ತಲೆ ಸುತ್ತಿ ಮಂಕಾಗುವುದು) ಆದರೆ ಮಾತ್ರ ಅಪಾಯ ಅಲ್ವಾ ಡಾಕ್ಟ್ರೇ? ಇಲ್ಲಿ ಕೋಚ್‌ಗಳು ಅದನ್ನೇ ಹೇಳುತ್ತಾರೆ. ಕನ್‌ಕಷನ್ ಆದರೆ ತಕ್ಷಣ ಹೊರಗೆ ಕೂರಿಸುತ್ತೇವೆ, ಡಾಕ್ಟರ್ ಚೀಟಿ ಇಲ್ಲದೆ ವಾಪಸ್ ಬಿಡುವುದಿಲ್ಲ ಅಂತ.

ಕರಾವಳಿ ಡಾಕ್ಟ್ರು:
ಕೂರಿಸುವುದು ಒಳ್ಳೆಯದೇ. ತೊಂದರೆ ಅದಕ್ಕಿಂತ ಆಳದಲ್ಲಿದೆ. ವೆಬ್‌ಸ್ಟರ್ ಆಡುತ್ತಿದ್ದ ಸೆಂಟರ್ ಜಾಗವನ್ನೇ ನೋಡಿ. ಬಗ್ಗಿ, ಚೆಂಡನ್ನು ಕಾಲ ಸಂದಿಯಿಂದ ಹಿಂದೆ ಕೊಡುತ್ತಾನೆ. ಕೊಟ್ಟ ಕೈ ಮೇಲೆ ಬರುವ ಮೊದಲೇ ಎದುರಿನ ನೂರಮೂವತ್ತು ಕಿಲೋ ಆಸಾಮಿ ಬಂದು ಹೆಲ್ಮೆಟ್ಟಿಗೆ ಹೆಲ್ಮೆಟ್ ಗುದ್ದುತ್ತಾನೆ. ಒಂದು ಮ್ಯಾಚಿಗೆ ಅರವತ್ತು ಎಪ್ಪತ್ತು ಸಲ. ಪ್ರಾಕ್ಟೀಸಿನಲ್ಲಿ ಬೇರೆ. ಟೀವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಬೀಳುವುದಿಲ್ಲ, ತಲೆ ಸುತ್ತುವುದಿಲ್ಲ, ಎದ್ದು ಮುಂದಿನ ಆಟಕ್ಕೆ ನಿಲ್ಲುತ್ತಾನೆ. ಲೆಕ್ಕಕ್ಕೆ ಸಿಗದ ಏಟುಗಳು ಇವೇ.

631 ಆಟಗಾರರ ಮೆದುಳು ಇಟ್ಟುಕೊಂಡು 2023ರಲ್ಲಿ ಒಂದು ಅಧ್ಯಯನ ಬಂತು. ಕನ್‌ಕಷನ್ ಎಷ್ಟು ಸಲ ಆಗಿದೆ ಅನ್ನುವುದರಿಂದ ಸಿಟಿಇ ತೀವ್ರತೆ ಗೊತ್ತಾಗಲಿಲ್ಲ. ಜೀವಮಾನದಲ್ಲಿ ತಲೆಗೆ ಬಿದ್ದ ಒಟ್ಟು ಏಟು, ಅದರ ಜೋರು, ಇವುಗಳಿಂದ ಗೊತ್ತಾಯಿತು. ಎನ್‌ಎಫ್‌ಎಲ್‌ನಲ್ಲಿ 20 ಸೀಸನ್ ಆಡಿದ ಜೂನಿಯರ್ ಸೇಯಾವ್ ಅನ್ನುವವರ ದಾಖಲೆಗಳಲ್ಲಿ ಕನ್‌ಕಷನ್ ಅಂತ ಬರೆದೇ ಇರಲಿಲ್ಲ. 2012ರಲ್ಲಿ 43ನೇ ವಯಸ್ಸಿಗೆ ಆತ್ಮಹತ್ಯೆ ಮಾಡಿಕೊಂಡರು, ಮೆದುಳಿನಲ್ಲಿ ಸಿಟಿಇ ಇತ್ತು.

ಹಾಗೇ ಎಷ್ಟು ವರ್ಷ ಆಡಿದ ಅನ್ನುವುದು ಮುಖ್ಯ. 2019ರ ಲೆಕ್ಕದ ಪ್ರಕಾರ ಟ್ಯಾಕಲ್ ಫುಟ್ಬಾಲ್ (ಎದುರಾಳಿಯನ್ನು ಹಿಡಿದು ಕೆಡವುವ ಈ ಆಟ) ಒಂದೊಂದು ವರ್ಷ ಜಾಸ್ತಿ ಆಡಿದರೂ ಸಿಟಿಇ ಸಂಭವ ಶೇ. 30ರಷ್ಟು ಏರುತ್ತದೆ.

ಸುಮ್ನೆ ಬಂದೆ:
ಹೆಲ್ಮೆಟ್ ಮತ್ತೆ ಯಾಕೆ ಹಾಕುತ್ತಾರೆ? ಶೋಕಿಗಾ?

ಕರಾವಳಿ ಡಾಕ್ಟ್ರು:
ಬುರುಡೆ ಒಡೆಯದಿರಲಿ ಅಂತ. ಆ ಕೆಲಸ ಅದು ಚೆನ್ನಾಗಿ ಮಾಡುತ್ತದೆ. ತೆಂಗಿನಕಾಯಿ ಎಷ್ಟೇ ಗಟ್ಟಿ ಇರಲಿ, ಅಲ್ಲಾಡಿಸಿದರೆ ಒಳಗಿನ ನೀರು ಕುಲುಕುವುದನ್ನು ಚಿಪ್ಪು ತಡೆಯುತ್ತದೆಯೇ? ಈಗ ಹೆಲ್ಮೆಟ್ ಮೇಲೆ ಇನ್ನೊಂದು ಮೆತ್ತನೆ ಟೋಪಿ ಬಂದಿದೆ, ಗಾರ್ಡಿಯನ್ ಕ್ಯಾಪ್ ಅಂತ. ಎನ್‌ಎಫ್‌ಎಲ್ 2022ರಿಂದ ಕ್ಯಾಂಪಿನಲ್ಲಿ ಕೆಲವು ಜಾಗದವರಿಗೆ ಕಡ್ಡಾಯ ಮಾಡಿತು, 2024ರಿಂದ ಮ್ಯಾಚಿನಲ್ಲೂ ಬೇಕಾದವರು ಹಾಕಬಹುದು. ಏಟಿನ ಜೋರು ಸ್ವಲ್ಪ ತಗ್ಗುತ್ತದೆ. ಅಷ್ಟೇ.

ಗಾಂಧಿ ಬಜಾರ್ ಗಿರಾಕಿ:
ಕಾಯಿಲೆ ಇಲ್ಲ ಅಂತ ನಾನು ಎಲ್ಲಿ ಹೇಳಿದೆ? ಕಾಯಿಲೆಯಿಂದ ಕೊಲೆ ಆಯಿತು ಅನ್ನುವುದನ್ನು ಒಪ್ಪಲ್ಲ. ಒಂದು ವಿಷಯ ಯಾರೂ ಎತ್ತುತ್ತಿಲ್ಲ. ಎನ್‌ಎಫ್‌ಎಲ್ ಆಟಗಾರರು ಅರೆಸ್ಟ್ ಆಗುವ ಪ್ರಮಾಣ ಅದೇ ವಯಸ್ಸಿನ ಮಾಮೂಲಿ ಅಮೆರಿಕನ್ ಗಂಡಸರಿಗಿಂತ ಕಡಿಮೆ. ಇದು ಲೆಕ್ಕ ಹಾಕಿ ತೋರಿಸಿದ್ದು. ಏಟಿನಿಂದ ಮೃಗಗಳಾಗುವುದಾದರೆ ಉಲ್ಟಾ ಇರಬೇಕಿತ್ತಲ್ಲ? ಹೆರ್ನಾಂಡೆಜ್ ಮನೆಯಲ್ಲಿ ಅಪ್ಪ ಹೊಡೆಯುತ್ತಿದ್ದ ಅಂತ ಅವನ ಅಣ್ಣನೇ ಬರೆದಿದ್ದಾನೆ. ಹದಿನಾರಕ್ಕೆ ಆ ಅಪ್ಪನೂ ಸತ್ತ. ಗಾಂಜಾ ಇತ್ತು, ಕೆಟ್ಟ ಸಹವಾಸ ಇತ್ತು, ಬಂದೂಕು ಕೈಗೆ ಸಿಗುವ ದೇಶ. ಇಷ್ಟೆಲ್ಲ ಬಿಟ್ಟು ಟೌ ಪ್ರೋಟೀನ್ ಹಿಡಿದುಕೊಂಡರೆ ಹೇಗೆ?

ಎಡಿಸನ್ ಅತ್ತಿಗೆ:
ಗಿರಾಕಿಯವರೇ, ನೀವು ಪೊಲೀಸ್ ಲೆಕ್ಕ ಕೊಟ್ಟಿರಿ. ಪೊಲೀಸರವರೆಗೆ ಹೋಗದ್ದು ಎಷ್ಟು ಇರುತ್ತದೆ ಗೊತ್ತಾ?

ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ. ಹೆಸರು ಊರು ಬೇಡ. ಹೈಸ್ಕೂಲು, ಕಾಲೇಜು ಎರಡರಲ್ಲೂ ಲೈನ್‌ಮನ್ ಆಗಿ, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಗುದ್ದಾಡುವವರಾಗಿ, ಆಡಿದವರು, ಪ್ರೊಫೆಷನಲ್ ಆಗಲಿಲ್ಲ. ನಾವು ಮನೆ ಕೊಂಡ ಹೊಸದರಲ್ಲಿ ನಮ್ಮ ಡ್ರೈವ್‌ವೇ ಹಿಮ ತೆಗೆದುಕೊಟ್ಟ ಮನುಷ್ಯ, ನಮ್ಮ ಅತ್ತೆ ಅವರಿಗೆ ಕೋಡುಬಳೆ ಕೊಟ್ಟು ಕಳಿಸುತ್ತಿದ್ದರು. ಈಗ ಐವತ್ತು ದಾಟಿದೆ. ಹೋದ ಚಳಿಗಾಲ ಅವರ ಗ್ಯಾರೇಜ್ ಬಾಗಿಲು ಅರ್ಧಕ್ಕೆ ನಿಂತಿತು. ರಿಮೋಟ್ ಒತ್ತಿದರು, ಮತ್ತೆ ಒತ್ತಿದರು. ಆಮೇಲೆ ಒಳಗಿಂದ ಸುತ್ತಿಗೆ ತಂದು ಬಾಗಿಲಿಗೆ ಬಡಿಯಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ, ತಗಡು ಹರಿದು ಕೈಯಲ್ಲಿ ರಕ್ತ ಬರುತ್ತಿತ್ತು. ಅವರ ಹೆಂಡತಿ ಹೊರಗೆ ಬಂದು, ಅವರ ಹತ್ತಿರ ಹೋಗದೆ, ಮೊದಲು ಕಾರಿನೊಳಗೆ ಕೂತಿದ್ದ ಮೊಮ್ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದರು. ಯೋಚನೆಯನ್ನೇ ಮಾಡಲಿಲ್ಲ, ರೂಢಿ ಆಗಿಬಿಟ್ಟಿದೆ ಅನಿಸಿತು. ಅರ್ಧ ಗಂಟೆ ಬಿಟ್ಟು ಆ ಮನುಷ್ಯ ಬಂದು, ಬಾಗಿಲಿಗೆ ಏನಾಯಿತು ಅಂತ ನಮ್ಮನ್ನೇ ಕೇಳಿದರು.

ಇದು ಯಾವ ಅರೆಸ್ಟ್ ಲೆಕ್ಕದಲ್ಲೂ ಬರುವುದಿಲ್ಲ ರೀ.

ಹುಬ್ಬಳ್ಳಿ ಹುಡುಗ:
ಅಕ್ಕಾರ, ಓದಿ ಭಾಳ ಬ್ಯಾಸರ ಆತು. ಅವ್ರಿಗೆ ಸಿಟಿಇ ಅಂತ ಡಾಕ್ಟ್ರು ಹೇಳ್ಯಾರೇನು?

ಎಡಿಸನ್ ಅತ್ತಿಗೆ:
ಬದುಕಿರುವಾಗ ಹೇಳುವುದಕ್ಕೇ ಆಗುವುದಿಲ್ಲವಂತೆ. ಇರಬಹುದು ಅಂದಿದ್ದಾರೆ ಅಷ್ಟೇ. ಅವರ ಹೆಂಡತಿ ಮಾತ್ರ ಅದೇ ಅಂತ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಕರಾವಳಿ ಡಾಕ್ಟ್ರು:
ಅತ್ತಿಗೆ, ಅಲ್ಲೊಂದು ಎಚ್ಚರ ಬೇಕು. ಸ್ಕ್ಯಾನಿನಲ್ಲಿ ಖಚಿತವಾಗಿ ಕಾಣುವುದಿಲ್ಲ, ರಕ್ತಪರೀಕ್ಷೆ ಇಲ್ಲ, ಸತ್ತ ಮೇಲೆ ಮೆದುಳು ನೋಡಿದರಷ್ಟೇ ಗೊತ್ತಾಗುವುದು. ಬದುಕಿರುವವರಿಗೆ ಲಕ್ಷಣ ನೋಡಿ ಅಂದಾಜು ಮಾಡುವ ಕ್ರಮವನ್ನು 2021ರಲ್ಲಿ ತಜ್ಞರು ಒಪ್ಪಿಕೊಂಡಿದ್ದಾರೆ. ನೆನಪು ಕೆಡುವುದು, ಸಿಟ್ಟು ಹತೋಟಿ ತಪ್ಪುವುದು, ವರ್ಷವರ್ಷಕ್ಕೆ ಜಾಸ್ತಿ ಆಗುವುದು, ಇವೆಲ್ಲ ಅದರಲ್ಲಿವೆ.

ಇದೇ ಲಕ್ಷಣ ಖಿನ್ನತೆಯಲ್ಲೂ ಬರುತ್ತದೆ, ಕುಡಿತದಲ್ಲೂ ಬರುತ್ತದೆ. ಇಷ್ಟು ದೊಡ್ಡ ಮೈಯವರಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಜಾಸ್ತಿ, ವರ್ಷಗಟ್ಟಲೆ ನಿದ್ದೆ ಇಲ್ಲದವನು ಹೇಗೆ ಇರುತ್ತಾನೆ ಹೇಳಿ. ಇವಕ್ಕೆಲ್ಲ ಔಷಧ ಉಂಟು. ಸಿಟಿಇ ಅಂತ ಮೊದಲೇ ಹಣೆಬರಹ ಬರೆದುಕೊಂಡು ಕೂತರೆ ವಾಸಿ ಆಗುವುದನ್ನೂ ಬಿಟ್ಟಂತಾಗುತ್ತದೆ. ನಿಮ್ಮ ಪಕ್ಕದ ಮನೆಯವರಿಗೆ ನಿದ್ದೆ ಪರೀಕ್ಷೆ ಆಗಿದೆಯಾ ಅಂತ ಕೇಳಿ ನೋಡಿ. ಮನೆಯಲ್ಲಿ ಬಂದೂಕು ಇದ್ದರೆ ಬೇರೆ ಕಡೆ ಇಡಿಸಲಿ. ಇದು ಕಾಯಿಲೆ ಯಾವುದೇ ಇರಲಿ ಮಾಡಬೇಕಾದ್ದು.

ವಸಂತನಗರ ವಕೀಲೆ:
ಕಾನೂನಿನ ಕಡೆಯಿಂದ ನಾನೊಂದಿಷ್ಟು ಹೇಳಲಾ? ಇದು ವಕೀಲರ ಕಥೆ ಅಂದಿರಲ್ಲ ಗಿರಾಕಿಯವರೇ, ಹೆರ್ನಾಂಡೆಜ್ ವಿಚಾರಣೆಯಲ್ಲಿ ಅವನ ವಕೀಲರು ಮೆದುಳಿನ ಮಾತೇ ಎತ್ತಿರಲಿಲ್ಲ. ಸಿಟಿಇ ಗೊತ್ತಾದದ್ದು ಅವನು ಸತ್ತ ಮೇಲೆ. ಎತ್ತಿದ್ದರೂ ಕಷ್ಟವೇ ಇತ್ತು. ಕೇಸು ನಡೆದ ಮ್ಯಾಸಚೂಸೆಟ್ಸ್‌ನಲ್ಲಿ ಮಾನಸಿಕ ಕಾಯಿಲೆಯ ಕಾರಣಕ್ಕೆ ಬಿಡುಗಡೆ ಆಗಬೇಕಾದರೆ, ತಪ್ಪು ಅಂತ ಅರಿಯುವ ಶಕ್ತಿಯೋ, ತನ್ನನ್ನು ಕಾನೂನಿನ ಮಿತಿಯಲ್ಲಿ ಇಟ್ಟುಕೊಳ್ಳುವ ಶಕ್ತಿಯೋ ಕಾಯಿಲೆಯಿಂದ ಬಹುಮಟ್ಟಿಗೆ ಹೋಗಿರಬೇಕು. ಸಾಕ್ಷಿ ಅಳಿಸಿದವನಿಗೆ ತಪ್ಪು ಅಂತ ಗೊತ್ತಿತ್ತು ಅಂತಲೇ ಜ್ಯೂರಿ ತಿಳಿಯುತ್ತದೆ. ಆ ಒಂದು ವಿಷಯದಲ್ಲಿ ನಿಮ್ಮ ವಾದ ಗಟ್ಟಿ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಸಾವಿರಾರು ಮಾಜಿ ಆಟಗಾರರು ಎನ್‌ಎಫ್‌ಎಲ್ ಮೇಲೆ ಕೇಸು ಹಾಕಿದರು, 2013ರಲ್ಲಿ 76.5 ಕೋಟಿ ಡಾಲರ್‌ಗೆ ರಾಜಿ ಆಯಿತು, ಜಡ್ಜ್ ಇದು ಸಾಲದು ಅಂದ ಮೇಲೆ ಮಿತಿ ತೆಗೆದರು, 2017ರಿಂದ ಜಾರಿಗೆ ಬಂತು, ಈಗ ನೂರು ಕೋಟಿ ದಾಟಿದೆ. ಕೇಳಲು ಚೆನ್ನಾಗಿದೆ. ಯಾವುದಕ್ಕೆ ದುಡ್ಡು ಅಂತ ನೋಡಿ. ಮರೆವಿನ ಕಾಯಿಲೆ, ಪಾರ್ಕಿನ್ಸನ್ಸ್, ಎಎಲ್‌ಎಸ್ (ನರ ಕೆಟ್ಟು ಸ್ನಾಯು ಸೊರಗುವ ಕಾಯಿಲೆ), ಇವಕ್ಕೆ ಉಂಟು. ಸಿಟ್ಟು, ಖಿನ್ನತೆ, ಸ್ವಭಾವ ಕೆಟ್ಟು ಸಂಸಾರ ಒಡೆದದ್ದು, ಇವಕ್ಕೆ ಏನೂ ಇಲ್ಲ. ಸಿಟಿಇ ಇದ್ದು ಸತ್ತವರಿಗೂ 2015ರ ಏಪ್ರಿಲ್ 22ರ ಒಳಗೆ ಸತ್ತಿದ್ದರೆ ಮಾತ್ರ. ಹೆರ್ನಾಂಡೆಜ್ ಸತ್ತದ್ದು ಎರಡು ವರ್ಷ ತಡವಾಗಿ. ಅವನ ಮಗಳ ಹೆಸರಿನಲ್ಲಿ ಕೇಸು ಹಾಕಿದರೂ ನಿಲ್ಲಲಿಲ್ಲ.

ಅಂದರೆ ಅತ್ತಿಗೆ ಹೇಳಿದಂಥ ಮನೆ ಇದೆಯಲ್ಲ, ಅದು ಎನ್‌ಎಫ್‌ಎಲ್ ಆಟಗಾರನ ಮನೆಯೇ ಆಗಿದ್ದರೂ, ಆ ಹೆಂಡತಿ ಕಂಡದ್ದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ನೀವೆಲ್ಲ ಕೊಲೆಯ ಬಗ್ಗೆ ಜಗಳ ಆಡುತ್ತಿದ್ದೀರಿ. ಕೊಲೆ ಅಪರೂಪ. ಮನೆಯೊಳಗೆ ದಿನಾ ನಡೆಯುವುದನ್ನು ಆಟದವರು ಲೆಕ್ಕದಿಂದಲೇ ಹೊರಗಿಟ್ಟಿದ್ದಾರೆ, ನಾನು ಕೇಳುವುದು ಅದನ್ನು.

ಇನ್ನೂ ಒಂದಿದೆ. ಮರೆವಿನ ಪರಿಹಾರ ಲೆಕ್ಕ ಹಾಕುವಾಗ ಕಪ್ಪು ಆಟಗಾರರ ಬುದ್ಧಿಮಟ್ಟ ಮೊದಲಿಂದಲೇ ಕಡಿಮೆ ಇತ್ತು ಅಂತ ಇಟ್ಟುಕೊಂಡು ಅಂಕ ಹೊಂದಿಸುತ್ತಿದ್ದರು. ಅಂದರೆ ಅವರು ಎಷ್ಟು ಕಳೆದುಕೊಂಡರೂ ಕಡಿಮೆ ಕಳೆದುಕೊಂಡ ಹಾಗೆ ಕಾಣುತ್ತಿತ್ತು! 2020ರಲ್ಲಿ ಇಬ್ಬರು ಆಟಗಾರರು ಇದರ ಮೇಲೆ ಕೋರ್ಟಿಗೆ ಹೋದ ಮೇಲೆ, 2021ರಲ್ಲಿ ಎನ್‌ಎಫ್‌ಎಲ್ ಬಿಡಲು ಒಪ್ಪಿತು.

ಗಾಂಧಿ ಬಜಾರ್ ಗಿರಾಕಿ:
ಇದು ಗೊತ್ತಿರಲಿಲ್ಲ ಮೇಡಂ. ಥೂ. ಇದು ಸಿಗರೇಟ್ ಕಂಪನಿಗಳ ಬುದ್ಧಿಯೇ.

ವಸಂತನಗರ ವಕೀಲೆ:
2009ರಲ್ಲಿ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಲಿಂಡಾ ಸ್ಯಾಂಚೆಜ್ ಅನ್ನುವ ಸದಸ್ಯೆ ಎನ್‌ಎಫ್‌ಎಲ್ ಮುಖ್ಯಸ್ಥನ ಮುಖಕ್ಕೇ ಅದನ್ನು ಹೇಳಿದ್ದರು. ಫುಟ್ಬಾಲಿಗೂ ಸಿಟಿಇಗೂ ಸಂಬಂಧ ಇದೆ ಅಂತ ಎನ್‌ಎಫ್‌ಎಲ್ ಕಡೆಯ ದೊಡ್ಡ ಅಧಿಕಾರಿಯ ಬಾಯಲ್ಲಿ ಬಂದದ್ದು 2016ರಲ್ಲಿ.

ಮೈಸೂರು ಪಾಕ್ 77:
ಹೋದ ವರ್ಷ ನ್ಯೂಯಾರ್ಕ್ ಘಟನೆ ಯಾರೂ ಹೇಳಲಿಲ್ಲ? ಅಂದರೆ 2025ರ ಜುಲೈ. ಎನ್‌ಎಫ್‌ಎಲ್ ಕಚೇರಿ ಇರುವ ಪಾರ್ಕ್ ಅವೆನ್ಯೂ ಕಟ್ಟಡಕ್ಕೆ ಒಬ್ಬ ಬಂದೂಕು ಹಿಡಿದು ನುಗ್ಗಿ ನಾಲ್ವರನ್ನು ಕೊಂದು ತಾನೂ ಸತ್ತ. ನನಗೆ ಸಿಟಿಇ ಇದೆ, ನನ್ನ ಮೆದುಳು ಪರೀಕ್ಷೆ ಮಾಡಿ ಅಂತ ಚೀಟಿ ಇತ್ತು. ಅವನು ಎನ್‌ಎಫ್‌ಎಲ್ ಆಡಿದವನೇ ಅಲ್ಲ, ಬರೀ ಹೈಸ್ಕೂಲ್. ಆಮೇಲೆ ಪರೀಕ್ಷೆ ಮಾಡಿದರೆ ಆರಂಭದ ಹಂತದ ಸಿಟಿಇ ಇತ್ತು. ಎಲ್ಲರೂ ನೋಡಿ ಅವನು ಹೇಳಿದ್ದು ನಿಜ ಅಂದರು. ನನಗೆ ಇದೇ ಹೆದರಿಕೆ ಡಾಕ್ಟ್ರೇ. ಹೈಸ್ಕೂಲಿಗೇ ಹೀಗಾ?

ಮಾಡರೇಟರ್:
ಆತ್ಮಹತ್ಯೆ ಹೇಗೆ ಮಾಡಿಕೊಂಡರು ಅನ್ನುವ ವಿವರ ಯಾರೂ ಹಾಕಬೇಡಿ, ಇಬ್ಬರ ಪೋಸ್ಟ್ ಅಳಿಸಿದ್ದೇನೆ. ಓದುತ್ತಿರುವವರಲ್ಲಿ ಯಾರಿಗಾದರೂ ಮನಸ್ಸು ಸರಿ ಇಲ್ಲದಿದ್ದರೆ ಭಾರತದಲ್ಲಿ ಟೆಲಿ ಮಾನಸ್ 14416, ಅಮೆರಿಕದಲ್ಲಿ 988. ಚರ್ಚೆ ಮುಂದುವರಿಸಿ.

ಕರಾವಳಿ ಡಾಕ್ಟ್ರು:
ಮೈಸೂರು ಪಾಕ್ ಅವರೇ, ಆ ಕೇಸು ನನ್ನನ್ನೂ ಕಾಡುತ್ತದೆ, ಬೇರೆ ಕಾರಣಕ್ಕೆ. ಮೂವತ್ತು ತುಂಬುವ ಮೊದಲೇ ಸತ್ತ 152 ಆಟಗಾರರ ಮೆದುಳು ಬಾಸ್ಟನ್‌ನವರು ನೋಡಿದ್ದಾರೆ. 63ರಲ್ಲಿ ಸಿಟಿಇ ಇತ್ತು, ಹೆಚ್ಚಿನವು ಆರಂಭದ ಹಂತದವು, ಪ್ರೊಫೆಷನಲ್ ಆಗದವರೂ ಅದರಲ್ಲಿದ್ದರು. ಹಾಗಾಗಿ ಹೈಸ್ಕೂಲ್ ಹುಡುಗನಿಗೆ ಬರಲು ಸಾಧ್ಯ, ಹೌದು. ಆದರೆ ಇನ್ನೊಂದು ವಿಷಯ ಪೇಪರಿನಲ್ಲಿ ಬರಲಿಲ್ಲ. ಮನಸ್ಸು ಹದಗೆಟ್ಟಿರುವುದು, ತಲೆನೋವು, ಇವು ಸಿಟಿಇ ಸಿಗದ ಹುಡುಗರಲ್ಲೂ ಅಷ್ಟೇ ಇದ್ದವು. ಅಂದರೆ ಎಳೆ ವಯಸ್ಸಿನವನ ಒದ್ದಾಟವನ್ನೆಲ್ಲ ಆರಂಭದ ಹಂತದ ಟೌ ತಲೆಗೆ ಕಟ್ಟಲು ಆಗುವುದಿಲ್ಲ.

ತನಗೆ ವಾಸಿಯಾಗದ ಕಾಯಿಲೆ ಇದೆ, ತನ್ನ ಕಥೆ ಮುಗಿಯಿತು ಅಂತ ಗಟ್ಟಿಯಾಗಿ ನಂಬಿದವನು ಏನು ಮಾಡುತ್ತಾನೆ? ಆ ನಂಬಿಕೆಯೇ ಒಂದು ಅಪಾಯ. ನಾವು ಸಿಟಿಇ ಅಂದರೆ ಕೊಲೆ, ಸಿಟಿಇ ಅಂದರೆ ಆತ್ಮಹತ್ಯೆ ಅಂತ ಡಂಗುರ ಹೊಡೆದಷ್ಟೂ, ಎಲ್ಲೋ ಕೂತು ತಲೆನೋವು ತಿನ್ನುತ್ತಿರುವ ಮಾಜಿ ಆಟಗಾರ ಅದನ್ನೇ ತನ್ನ ಜಾತಕ ಅಂದುಕೊಳ್ಳುತ್ತಾನೆ. ಸಿಟಿಇ ಇದ್ದೂ ಯಾರ ಮೇಲೂ ಕೈ ಎತ್ತದವರೇ ಜಾಸ್ತಿ ಜನ. ಇದನ್ನು ಯಾರೂ ಬರೆಯುವುದಿಲ್ಲ.

ಕೊಡಗಿನ ಕೋಲು:
ನಮ್ಮ ಸಾಮಾನ್ಯ ಫುಟ್ಬಾಲ್‌ನಲ್ಲಿ ಹೆಡ್ ಮಾಡುತ್ತಾರಲ್ಲ, ಅದಕ್ಕೂ ಇದೇ ಕಥೆಯಾ? ಸಣ್ಣ ಡೌಟು.

ಕರಾವಳಿ ಡಾಕ್ಟ್ರು:
ಸ್ವಲ್ಪ ಮಟ್ಟಿಗೆ ಹೌದು. ಇಂಗ್ಲೆಂಡಿನ ಜೆಫ್ ಆಸಲ್ 2002ರಲ್ಲಿ 59ಕ್ಕೇ ಮರೆವಿನ ಕಾಯಿಲೆಯಾಗಿ ತೀರಿಕೊಂಡರು. ಹೆಡ್ ಮಾಡುವುದರಲ್ಲಿ ಹೆಸರಾಗಿದ್ದವರು. ಇದು ಕೆಲಸದಿಂದ ಬಂದ ಕಾಯಿಲೆ ಅಂತಲೇ ಅಲ್ಲಿಯ ಕೊರೋನರ್ (ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ) ಬರೆದರು, ಮೆದುಳನ್ನು 2014ರಲ್ಲಿ ಮತ್ತೆ ನೋಡಿದಾಗ ಸಿಟಿಇ ಅಂತ ಗೊತ್ತಾಯಿತು. 2019ರಲ್ಲಿ ಗ್ಲಾಸ್ಗೋದವರು ಸ್ಕಾಟ್ಲೆಂಡಿನ 7,676 ಮಾಜಿ ಆಟಗಾರರ ಲೆಕ್ಕ ತೆಗೆದರು. ನರ ಸವೆಯುವ ಕಾಯಿಲೆಗಳಿಂದ ಸಾಯುವುದು ಸಾಮಾನ್ಯರಿಗಿಂತ ಮೂರೂವರೆ ಪಟ್ಟು. ಆಮೇಲೆ ಜಾಗದ ಪ್ರಕಾರ ವಿಂಗಡಿಸಿದಾಗ ಡಿಫೆಂಡರ್‌ಗಳದ್ದು ಎಲ್ಲರಿಗಿಂತ ಜಾಸ್ತಿ ಬಂತು, ಗೋಲ್‌ಕೀಪರ್‌ಗಳದ್ದು ಹೆಚ್ಚುಕಡಿಮೆ ಸಾಮಾನ್ಯ ಜನರಷ್ಟೇ. ಚೆಂಡು ಕೈಯಲ್ಲಿ ಹಿಡಿಯುವವನು ಅಲ್ವಾ.

ಗಾಂಧಿ ಬಜಾರ್ ಗಿರಾಕಿ:
ಸರಿ ಡಾಕ್ಟ್ರೇ, ನೇರ ಪ್ರಶ್ನೆ, ನೇರ ಉತ್ತರ ಬೇಕು. ಹೆರ್ನಾಂಡೆಜ್‌ಗೆ ಸಿಟಿಇ ಇರದಿದ್ದರೆ ಕೊಲೆ ಮಾಡುತ್ತಿದ್ದನಾ ಇಲ್ಲವಾ?

ಕರಾವಳಿ ಡಾಕ್ಟ್ರು:
ಯಾರೂ ಹೇಳಲಾರರು. ಮೆದುಳಿನ ಒಳಗಿನ ಕುಹರಗಳು ಹಿಗ್ಗಿದ್ದವು, ನಡುವಿನ ತೆಳು ಪೊರೆಯಲ್ಲಿ ತೂತುಗಳಾಗಿದ್ದವು, ಹಣೆಯ ಹಿಂದಿನ ಭಾಗದಲ್ಲಿ ಟೌ ತುಂಬಿತ್ತು. ಅಂಥ ಮೆದುಳು ಹೊತ್ತವನಿಗೆ ಸಿಟ್ಟು ತಡೆಯುವುದು ನಿಮಗಿಂತ ನನಗಿಂತ ಕಷ್ಟ ಇದ್ದಿರಬೇಕು. ಅಪ್ಪನ ಹೊಡೆತ, ಗಾಂಜಾ, ಬಂದೂಕು ಎಲ್ಲ ನೀವು ಹೇಳಿದ್ದು ಅದರ ಜೊತೆಗೇ ಇತ್ತು. ಒಂದು ಎಳೆ ಕಿತ್ತು ಇದೇ ಕಾರಣ ಅಂತ ತೋರಿಸಿ ಅಂದರೆ ಆಗುವುದಿಲ್ಲ.

ಗಾಂಧಿ ಬಜಾರ್ ಗಿರಾಕಿ:
ನಾನಂತೂ ಜೈಲು ಸರಿ ಅಂತಲೇ ಅನ್ನುತ್ತೇನೆ. ಕೊಲೆಯಾದವನಿಗೂ ಒಬ್ಬಳು ತಾಯಿ ಇದ್ದಳು, ಪ್ರತಿ ದಿನ ಕೋರ್ಟಿಗೆ ಬಂದು ಕೂರುತ್ತಿದ್ದಳು.

ವಸಂತನಗರ ವಕೀಲೆ:
ಜೈಲು ಸರಿಯೇ. ಆಟದವರ ಪಾಲಿನ ತಪ್ಪೂ ಸರಿಯೇ. ಒಂದು ಒಪ್ಪಿದರೆ ಇನ್ನೊಂದು ಬಿಡಬೇಕು ಅಂತ ಯಾರು ಹೇಳಿದರು?

ಪ್ಲೇನೋ ಅಪ್ಪ:
ಎಲ್ಲ ಓದಿದೆ, ಹೆಂಡತಿಗೂ ಓದಿ ಹೇಳಿದೆ. ಕೊಲೆಗಾರನಾಗುತ್ತಾನೆ ಅನ್ನುವ ಭಯ ಅವಳಿಗೆ ಸ್ವಲ್ಪ ಇಳಿಯಿತು, ಅತ್ತಿಗೆಯವರ ಗ್ಯಾರೇಜ್ ಬಾಗಿಲಿನ ವಿಷಯ ಕೇಳಿ ಬೇರೆ ಭಯ ಹತ್ತಿತು. ಕೊನೆಗೆ ಇಬ್ಬರೂ ಒಪ್ಪಿದ್ದು ಹೀಗೆ: ಏಳು, ಎಂಟನೇ ಕ್ಲಾಸಿನಲ್ಲಿ ಟ್ಯಾಕಲ್ ಬೇಡ, ಫ್ಲಾಗ್ ಫುಟ್ಬಾಲ್ ಆಡಲಿ. ಸೊಂಟದ ಪಟ್ಟಿ ಕಿತ್ತರೆ ಔಟು, ಗುದ್ದಾಟ ಇಲ್ಲ. ಒಂಬತ್ತಕ್ಕೆ ಮತ್ತೆ ಮಾತಾಡೋಣ. ಡಾಕ್ಟ್ರು ಹೇಳಿದ ಹಾಗೆ ವರ್ಷ ಕಡಿಮೆ ಆದಷ್ಟು ಒಳ್ಳೆಯದು, ಅಲ್ವಾ. ಮಗ ಮುಖ ಊದಿಸಿಕೊಂಡಿದ್ದ. ಫ್ಲಾಗ್ ಫುಟ್ಬಾಲ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಇದೆ ಅಂತ ತೋರಿಸಿದ ಮೇಲೆ, ಹಾಗಾದರೆ ಹೊಸ ಶೂ ಕೊಡಿಸು ಅಂದ.

ಎಡಿಸನ್ ಅತ್ತಿಗೆ:
ಒಳ್ಳೆಯದು ಮಾಡಿದಿರಿ. ಶೂ ಅವನ ಕೈಯಲ್ಲೇ ಆರಿಸಲಿ. ಡಾಕ್ಟ್ರೇ, ನಿದ್ದೆ ಪರೀಕ್ಷೆ ವಿಷಯ ಅವರ ಹೆಂಡತಿಗೆ ಹೇಳಿದೆ. ಆಗಿರಲಿಲ್ಲವಂತೆ, ಮುಂದಿನ ತಿಂಗಳು ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಬಂದೂಕನ್ನು ಅವರ ಮೈದುನ ತೆಗೆದುಕೊಂಡು ಹೋದರು.

ಕೊಡಗಿನ ಕೋಲು:
ಡಾಕ್ಟ್ರೇ ಇನ್ನೊಂದು. ಅಣ್ಣನ ಮಗಳು ಸಿಯಾಟಲ್‌ನಲ್ಲಿ ಇದ್ದಾಳೆ, ಹನ್ನೊಂದು ವರ್ಷ, ಸಾಕರ್ ಕ್ಲಬ್ಬಿನಲ್ಲಿ ಡಿಫೆಂಡರ್. ಹೆಡ್ ಮಾಡಲು ಬಿಡಬಹುದಾ?

ಕರಾವಳಿ ಡಾಕ್ಟ್ರು:
ಅಮೆರಿಕದ ಸಾಕರ್ ಸಂಸ್ಥೆ 2015ರಲ್ಲೇ ನಿಯಮ ಮಾಡಿದೆ. ಹತ್ತರವರೆಗೆ ಹೆಡ್ ಮಾಡುವಂತೆಯೇ ಇಲ್ಲ, 11ರಿಂದ 13ರವರೆಗೆ ಪ್ರಾಕ್ಟೀಸಿನಲ್ಲಿ ಇಷ್ಟೇ ಅಂತ ಮಿತಿ ಇದೆ. ಅವಳ ಕ್ಲಬ್ಬಿನವರು ಪ್ರಾಕ್ಟೀಸಿನಲ್ಲಿ ಅದನ್ನು ಪಾಲಿಸುತ್ತಾರಾ ಅಂತ ಅಣ್ಣ ಒಂದು ಸಂಜೆ ಮೈದಾನದ ಬದಿಯಲ್ಲಿ ನಿಂತು ನೋಡಲಿ. ಉಳಿದದ್ದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಇದು ಆಗಲೇ ಉದ್ದ ಆಯಿತು.